ಎದುರಿನ ಮನೆ

"ನಿಂದ್ರಬ್ಯಾಡ, ಓದು," ಎಂದಳು ರುಬಿಯಾ. ಅಡುಗೆಮನೆಯ ಗೋಡೆಗೆ ಒರಗಿ, ಕಾಲು ಚಾಚಿ, ಹಸಿ ಕಡಲೆ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಸೌಂದರ್ಯಾ ಓದಿದಳು. ಮಹಾಯುದ್ಧ ಮುಗಿದು ಅಮೆರಿಕದಲ್ಲಿ ಹಣ ಹರಿದಾಡತೊಡಗಿದ ಕಾಲದ ಪಾಠ ಅದು. ಪಟ್ಟಣಗಳ ಹೊರಗೆ ಒಂದೇ ನಮೂನೆಯ ಮನೆಗಳು ಸಾಲುಸಾಲಾಗಿ ಎದ್ದವು. ಮನೆಮನೆಗೆ ಕಾರು, ಫ್ರಿಜ್ಜು, ಟಿವಿ ಬಂದವು. ಯುದ್ಧಕಾಲದಲ್ಲಿ ಕಾರ್ಖಾನೆಗೆ ದುಡಿಯಲು ಹೋಗುತ್ತಿದ್ದ ಹೆಂಗಸರಲ್ಲಿ ಎಷ್ಟೋ ಮಂದಿ ಆ ಹೊಸ ಮನೆಗಳೊಳಗೆ ಸೇರಿಕೊಂಡರು.

"ಇದು ನಿಮ್ಮ ಲೇಔಟಿನ ಸುದ್ದಿನ ಬಿಡು," ರುಬಿಯಾ ನಕ್ಕಳು.

ಕುಂದಗೋಳದ ಹೊರಗೆ, ಹೊಲ ತೆಗೆದು ಮಾಡಿದ ಈ ಲೇಔಟಿಗೆ ಬಂದ ಮೇಲೆ ಸೌಂದರ್ಯಾ ಮಾತಾಡುವುದೇ ಕಡಿಮೆಯಾಗಿತ್ತು. ಗಂಡ ಪ್ರಭು ಬೆಳಿಗ್ಗೆ ಕಾರು ತೆಗೆದುಕೊಂಡು ಹುಬ್ಬಳ್ಳಿಯ ಟ್ರ್ಯಾಕ್ಟರ್ ಶೋರೂಮಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಹಳೆಯ ಓಣಿಯಲ್ಲಿ ಕಟ್ಟೆಗೆ ಬಂದು ಕೂತರೆ ಯಾರಾದರೂ ಸಿಗುತ್ತಿದ್ದರು. ಇಲ್ಲಿ ಗೇಟುಗಳಿದ್ದವು. ಮಿಕ್ಸಿ ನಿಲ್ಲಿಸಿದರೆ ಇಡೀ ಮನೆಯಲ್ಲಿ ಫ್ರಿಜ್ಜಿನ ಗುಂಯ್‌ಗುಡುವಿಕೆಯೊಂದೇ. ಅದಕ್ಕೆ ಬೇಸತ್ತೇ ಅವಳು ದೂರಶಿಕ್ಷಣದ ಎಂ.ಎ.ಗೆ ಹೆಸರು ಹಚ್ಚಿದ್ದಳು. ಶಾಲೆಯ ಕಾಲದ ಗೆಳತಿ ರುಬಿಯಾಳೂ ಜೊತೆಗೂಡಿದ್ದರಿಂದ ವಾರಕ್ಕೊಂದು ಮಧ್ಯಾಹ್ನವಾದರೂ ಮನೆ ತುಂಬುತ್ತಿತ್ತು.

"ನಿಮ್ಮ ಎದುರಿನ ಮನಿ ಖಾಲಿ ಐತಲ್ಲ," ರುಬಿಯಾ ಸಿಪ್ಪೆ ಒಟ್ಟುಮಾಡುತ್ತ ಹೇಳಿದಳು, "ನಮ್ಮ ಮನಿಯವರು ಕೇಳ್ಕೊಂಡ್ ಬಂದಾರ. ಮಾಲಕ್ರು ಹೂಂ ಅಂದಾರ. ಬರೂ ತಿಂಗಳ ಬಂದಬಿಡ್ತೀವಿ."

"ಖರೇನ?"

"ಖರೇನ. ಇನ್ನ ದಿನಾ ನನ್ನ ಕಾಟ."

ಆ ಸಂಜೆ ಸೌಂದರ್ಯಾ ಎದುರಿನ ಮನೆಯ ಅಂಗಳವನ್ನು ತಾನೇ ಗುಡಿಸಿ ಬಂದಳು.

ವಾರ ತುಂಬುವ ಮೊದಲೇ, ಊಟಕ್ಕೆ ಕೂತಾಗ ಪ್ರಭು ತಲೆ ಎತ್ತದೆ ಹೇಳಿದ. "ನಿನ್ನ ಗೆಳತಿ ಗಂಡ, ಆ ಹೈಸ್ಕೂಲ್ ಮಾಸ್ತರ ಸರ್ಫರಾಜ್, ಅವರಿಗೆ ಮನಿ ಕೊಡಬ್ಯಾಡ್ರಿ ಅಂತ ಲೇಔಟಿನ ಮಂದಿ ಮಾಲಕ್ರಿಗೆ ಹೇಳಿ ಬಂದ್ವಿ."

"ಬಂದ್ವಿ ಅಂದ್ರ?"

"ನಾನೂ ಹೋಗಿದ್ನಿ." ರೊಟ್ಟಿ ಮುರಿದ. "ಮನಷ್ಯಾ ಛಲೋನ ಅದಾನ. ಆದ್ರ ಎಲ್ಲಾರೂ ಒಂದ ಮಾತ ಅಂದಾಗ ನಾ ಒಬ್ಬಾವ ಏನ್ ಹೇಳ್ಲಿ?"

ಸೌಂದರ್ಯಾ ಪಲ್ಯದ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಪಲ್ಯ ಹಾಕ್ಲಿ?" ಎಂದಳು.

ಮುಂದಿನ ವಾರ ರುಬಿಯಾ ಬರಲಿಕ್ಕಿಲ್ಲ ಎಂದುಕೊಂಡಿದ್ದಳು. ಬಂದಳು. ಅಡುಗೆಮನೆಗೆ ಹೋಗದೆ ಪಡಸಾಲೆಯ ಸೋಫಾದ ಅಂಚಿನಲ್ಲಿ ಕೂತು, "ಎಲ್ಲಿಗೆ ಬಿಟ್ಟಿದ್ವಿ?" ಎಂದಳು.

ಆ ಹೊಸ ಬಡಾವಣೆಗಳಲ್ಲಿ ಕೆಲವು ಕಡೆ ಕರಿಯರಿಗೆ ಮನೆ ಮಾರುತ್ತಿರಲಿಲ್ಲ ಎಂಬಲ್ಲಿಗೆ ಬಿಟ್ಟಿದ್ದರು. ಸೌಂದರ್ಯಾ ಓದಿದಳು. ಅಂಥ ಒಂದೂರಿಗೆ ಕರಿಯರ ಸಂಸಾರವೊಂದು ಮನೆ ಕೊಂಡು ಬಂದಾಗ ನೆರೆಯವರು ಆ ಮನೆಯ ಮುಂದೆ ಗುಂಪುಗೂಡಿ ಕೂಗಾಡಿದರು, ಕಲ್ಲು ತೂರಿದರು. ಅವಳ ದನಿ ಸಣ್ಣದಾಗುತ್ತ ಹೋಯಿತು.

"ಎದುರಿನ ಮನ್ಯಾಕಿ ಏನ್ ಮಾಡಿದ್ಲಂತ?" ರುಬಿಯಾ ಕೇಳಿದಳು. "ಬರದಾರೇನು?"

ಸೌಂದರ್ಯಾ ಪುಟದ ಕೊನೆಯವರೆಗೂ ಕಣ್ಣಾಡಿಸಿದಳು. "ಇಲ್ಲ. ಬರದಿಲ್ಲ."

ರುಬಿಯಾ ಚಹಾ ಪೂರ್ತಿ ಕುಡಿದಳು. ಎಂದೂ ಇಲ್ಲದಂತೆ ಒಳಗೆ ಹೋಗಿ ಕಪ್ಪು ತೊಳೆದಿಟ್ಟು ಬಂದಳು. "ಪರೀಕ್ಷಾ ಹತ್ರ ಬಂತು. ಇನ್ನ ನಾ ಮನ್ಯಾಗ ಓದ್ಕೋತೀನಿ."

"ರುಬಿಯಾ, ನಾ ಏನೂ..."

"ಗೊತ್ತೈತಿ," ಎಂದಳು ಚಪ್ಪಲಿ ಮೆಟ್ಟುತ್ತ. "ನೀ ಏನೂ ಅಂದಿಲ್ಲ."

ಪರೀಕ್ಷೆಯಲ್ಲಿ ಆ ಪಾಠದ ಮೇಲೆಯೇ ದೊಡ್ಡ ಪ್ರಶ್ನೆ ಬಂತು. ಸೌಂದರ್ಯಾ ಅದನ್ನು ಬಿಟ್ಟು ಬೇರೆಯದಕ್ಕೆ ಉತ್ತರ ಬರೆದಳು. ಮೂರು ಸಾಲು ಮುಂದೆ ಕೂತಿದ್ದ ರುಬಿಯಾ ಹೆಚ್ಚಿನ ಹಾಳೆ ಕೇಳಿ ಪಡೆದು ಬರೆಯುತ್ತಲೇ ಇದ್ದಳು.

ಯುಗಾದಿಯ ಹೊತ್ತಿಗೆ ಎದುರಿನ ಮನೆಗೆ ಬೇರೆ ಸಂಸಾರ ಬಂತು. ಒಂದು ಮಧ್ಯಾಹ್ನ ಆ ಮನೆಯಾಕೆ ಬಟ್ಟಲು ಹಿಡಿದು ಗೇಟಿನ ಹತ್ತಿರ ನಿಂತಳು. "ಹೆಪ್ಪಿಗೆ ಒಂಚೂರು ಮಸರ ಕೊಡ್ತೀರೇನ್ರಿ?"

ಸೌಂದರ್ಯಾ ತಂದು ಹಾಕಿದಳು.

"ಇಲ್ಲಿ ಭಾಳ ಛಲೋ ಮಂದಿ ಅದಾರ ಅಂತ ಮಾಲಕ್ರು ಹೇಳಿದ್ರು. ಖರೇನ ಐತ್ರಿ."

"ಹೌದ್ರಿ," ಎಂದಳು ಸೌಂದರ್ಯಾ.

ಆಕೆ ಬಟ್ಟಲಿಗೆ ಸೆರಗು ಮುಚ್ಚಿಕೊಂಡು, ಸುಡುವ ಟಾರಿನ ಮೇಲೆ ಬರಿಗಾಲಲ್ಲಿ ಅವಸರವಾಗಿ ರಸ್ತೆ ದಾಟಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸೌಂದರ್ಯಾ ಮೊಸರು ಹತ್ತಿದ ಚಮಚ ಹಿಡಿದು ಗೇಟಿನಲ್ಲೇ ನಿಂತಿದ್ದಳು. ರಸ್ತೆಯ ಎರಡೂ ತುದಿಯವರೆಗೆ ಒಂದು ನರಪಿಳ್ಳೆಯೂ ಇರಲಿಲ್ಲ.