ಎರಡನೆಯ ತಟ್ಟೆಯ ಬಟ್ಟೆ

ಡಾಕ್ಟರುಗಳ ಬಾಯಲ್ಲಿ ಬರಬೇಕಾದ ಸಂಗತಿಯನ್ನು ಹೇಳಲು ಹೊರಟಿದ್ದೇನೆ. ಅಧಿಕಪ್ರಸಂಗ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೂಳೆಗಳ ಬಲ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅಳತೆ ಬರೆದುಕೊಳ್ಳುವ ಹೆಂಗಸಿಗೆ ಎಲ್ಲರೂ ಇಟ್ಟ ಹೆಸರು ಅಳತೆಯಮ್ಮ. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತುದಿಗೊಂದು ಗುಂಡು ಇರುತ್ತದಲ್ಲ, ಬೆಳೆಯುವ ಕೆಲವು ಮಕ್ಕಳಲ್ಲಿ ಅದು ಬುಡದ ಮೆದು ಪದರದ ಮೇಲಿಂದ ಜಾರಿಬಿಡುತ್ತದೆ. ಸ್ಕ್ರೂ ಹಾಕಿ ಹಿಡಿದು ನಿಲ್ಲಿಸಬೇಕು. ಒಂದು ಸಾಕೋ, ಎರಡು ಬೇಕೋ? ಎಳೆಹಂದಿಯ ಮೂಳೆಗಳಿಗೆ ಸ್ಕ್ರೂ ಹಾಕಿ, ಯಂತ್ರದಲ್ಲಿ ಒತ್ತಿ ನೋಡುತ್ತಿದ್ದರು. ಈ ಸಲ ಅವಳಿಗೆ ಅದು ಬರೀ ಕೆಲಸವಾಗಿರಲಿಲ್ಲ. ತಂಗಿಯ ಹನ್ನೊಂದು ವರ್ಷದ ಮಗಳಿಗೇ ಗುಂಡು ಜಾರಿತ್ತು, ಗುರುವಾರ ಆಪರೇಷನ್.

ಮಂಗಳವಾರ ಫಲಿತಾಂಶ ಬಂತು. ಎರಡು ಸ್ಕ್ರೂಗಳ ಮೂಳೆ ದುಪ್ಪಟ್ಟು ಗಟ್ಟಿ.

"ನಾನು ಹೇಳ್ಲಿಲ್ವಾ?" ಎಂದು ಸ್ಕ್ರೂ ಕೂರಿಸುವ ಮೇಸ್ತ್ರಿ ಮೀಸೆ ತಿರುವಿದ. "ಒಂದೇ ಮೊಳೆಗೆ ಪಟ ನೇತುಹಾಕಿದ್ರೆ ವಾಲದೆ ಇರುತ್ತಾ?"

"ಹಾಗಾದ್ರೆ ನಿಮ್ಮ ಹುಡುಗಿಗೂ ಎರಡು," ಎಂದರು ಆಪರೇಷನ್ ಮಾಡಲಿದ್ದ ಮೂಳೆ ಡಾಕ್ಟರು. "ಎರಡನೇದರ ಮೊನೆ ಕೀಲಿನೊಳಗೆ ಚಾಚೋ ಅಪಾಯ ಇದ್ದೇ ಇದೆ. ಆದ್ರೆ ಇಷ್ಟು ಬಲ ಸಿಗೋದಾದ್ರೆ ಹಾಕಬಹುದು."

ಆ ದುಪ್ಪಟ್ಟು ಅಳತೆಯಮ್ಮನಿಗೆ ಗಂಟಲಲ್ಲಿ ಇಳಿಯಲಿಲ್ಲ. ಮೂಳೆಗಳಿಗೆ ಸುತ್ತಿದ್ದ ಬಟ್ಟೆಗಳನ್ನು ಬುಟ್ಟಿಯಿಂದ ಹೆಕ್ಕಿದಳು. ಒಂದು ಸ್ಕ್ರೂವಿನ ಮೂಳೆಗಳಿಗೊಂದು ತಟ್ಟೆ, ಎರಡರವಕ್ಕೆ ಇನ್ನೊಂದು; ಯಾವ ತಟ್ಟೆಯದೆಂಬ ಚೀಟಿ ಬಟ್ಟೆಗಳಿಗೆ ಇನ್ನೂ ಅಂಟಿಕೊಂಡಿತ್ತು. ಒಣಗಿದ ಮೂಳೆ ಸುಳ್ಳು ಬಲ ತೋರಿಸುತ್ತದೆಂದೇ ಉಪ್ಪುನೀರಿನ ಬಟ್ಟೆ ಸುತ್ತುವುದು. ಒಂದು ಸ್ಕ್ರೂವಿನ ತಟ್ಟೆಯವು ತೇವವಾಗಿದ್ದವು. ಎರಡು ಸ್ಕ್ರೂವಿನವು ಗಂಜಿ ಹಾಕಿದ ಅಂಗಿಯಂತೆ ಸೆಟೆದಿದ್ದವು.

"ಮೇಸ್ತ್ರೀ, ಇದೇನಿದು?"

"ನನ್ನನ್ನ ಕೇಳ್ತೀಯಾ ತಾಯಿ? ನಿನ್ನೆ ನೀರು ಹಾಕೋ ಸರದಿ ಯಾರದ್ದು? ಸಂಜೆ ಕ್ಲಾಸಿಗೆ ಹೊತ್ತಾಯ್ತು ಅಂತ ಬಾಲ ಸುಟ್ಟ ಬೆಕ್ಕಿನ ಥರ ಓಡಿದ್ದು ಯಾರು?"

ಗೋಡೆಯ ಮೇಲಿನ ಸರದಿ ಹಾಳೆಯಲ್ಲಿ ಎರಡೂ ತಟ್ಟೆಗಳ ಎದುರು ಅವಳದೇ ಸಹಿ. ಮೊದಲ ತಟ್ಟೆಗೆ ನೀರು ಚಿಮುಕಿಸಿದ್ದು ನೆನಪಿತ್ತು. ಎರಡನೆಯದು? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಈ ಮೇಸ್ತ್ರಿಯೇ ಬಟ್ಟೆ ಬಿಚ್ಚಿ ಒಣಗಲು ಬಿಟ್ಟನೋ? ತನ್ನ ಮಾತೇ ಗೆಲ್ಲಬೇಕೆನ್ನುವ ಆಸಾಮಿ. ಅಥವಾ ಚಿಮುಕಿಸದೆಯೇ ತಾನು ಸಹಿ ಹಾಕಿದೆನೋ?

ಬಾಯಿ ಬಿಟ್ಟರೆ ಕೆಲಸಕ್ಕೇ ಕುತ್ತು ಬರಬಹುದಿತ್ತು. ಆದರೂ ಬಟ್ಟೆಗಳನ್ನು ಹಿಡಿದು ಡಾಕ್ಟರ ಮುಂದೆ ನಿಂತಳು. "ಸರ್, ಸಹಿ ನಂದೇ. ಆದ್ರೆ ಅದನ್ನ ನಂಬಬೇಡಿ."

ಇನ್ನೂ ಒತ್ತದೆ ಉಳಿದಿದ್ದ ಮೂರು ಜೋಡಿ ಮೂಳೆಗಳನ್ನು, ತೇವ ಆರದಂತೆ ನೋಡಿಕೊಂಡು, ಬುಧವಾರ ಒತ್ತಿದರು. ಅವಳು ಕಣ್ಣು ಕೀಳದೆ ನಿಂತಿದ್ದಳು.

"ನನ್ನ ಕೈ ನೋಡ್ತಿದ್ದೀಯೋ, ಮೂಳೆ ನೋಡ್ತಿದ್ದೀಯೋ?" ಎಂದ ಮೇಸ್ತ್ರಿ.

"ಎರಡನ್ನೂ."

ದುಪ್ಪಟ್ಟು ಹೋಗಿ ಕಾಲುಭಾಗ ಹೆಚ್ಚು ಎಂದಾಯಿತು. ಅಷ್ಟಕ್ಕೆ ಎರಡನೆಯ ಸ್ಕ್ರೂವಿನ ಅಪಾಯ ಬೇಡವೆಂದು ಡಾಕ್ಟರು ಒಂದನ್ನೇ ಹಾಕಿದರು.

ಹುಡುಗಿ ಈಗ ಊರುಗೋಲಿನಲ್ಲಿ ನಡೆಯುತ್ತಾಳೆ. "ದೊಡ್ಡಮ್ಮ, ನನ್ನ ಕಾಲನ್ನೇ ಯಾಕೆ ಗುರಾಯಿಸ್ತೀಯ?" ಎನ್ನುತ್ತಾಳೆ. ಮೂರೇ ಜೋಡಿಯ ಮಾತು ನಂಬಲರ್ಹವೋ, ಆ ಒಂದು ಸ್ಕ್ರೂ ಮೂಳೆ ಬಲಿಯುವ ತನಕ ಹಿಡಿಯುತ್ತದೋ, ಅಳತೆಯಮ್ಮನಿಗೆ ಗೊತ್ತಿಲ್ಲ. ಆ ಬಟ್ಟೆ ಯಾರಿಂದ ಒಣಗಿತೆಂಬುದೂ ಗೊತ್ತಾಗಲೇ ಇಲ್ಲ.