ಕಾಗದ ಸುತ್ತಬೇಡಿ

ಡೆಟಾಲ್ ವಾಸನೆ, ಅದರ ಬೆನ್ನಿಗೇ ನೀಲಗಿರಿ ಎಣ್ಣೆಯದು, ಅದರ ಬೆನ್ನಿಗೆ ಮುಂದೆ ನಿಂತವನ ಒದ್ದೆ ಸ್ವೆಟರಿನದು — ಈ ಮನುಷ್ಯ ಒಂದು ಕೆಮ್ಮಿನ ಔಷಧಿಗೆ ಎಷ್ಟು ಹೊತ್ತು ತಗೊಳ್ಳುತ್ತಾನಪ್ಪ, ಕೆಮ್ಮು ಅಂದರೆ ಮುಗಿಯಿತು, ಕೊಡುತ್ತಾರೆ, ಊಟಿ ಪೇಟೆಯಲ್ಲಿ ಕೆಮ್ಮಿಗೆ ಯಾರೂ ನಾಚುವುದಿಲ್ಲ, ಮೂಲವ್ಯಾಧಿಗೂ ನಾಚುವುದಿಲ್ಲ, ಚಿನ್ನಿಗೆ ಬೇಕಾದದ್ದಕ್ಕೆ ಮಾತ್ರ ಭೂಮಿ ಬಾಯಿ ಬಿಡಬೇಕಂತೆ. ಬಿಡದಿದ್ದರೆ ಬೇಡ. ಬೆನ್ನ ಹಿಂದೆ ಇನ್ನೂ ಇಬ್ಬರು ಮೂವರು, ಎಲ್ಲ ಗಂಡಸರೇ, ಇರಲಿ, ಕಿವಿ ಇದ್ದವರು ಕೇಳಲಿ. ಹೋದ ಸಲ ಬಂದಾಗಲೂ ಹೀಗೇ ನಿಂತಿದ್ದಳು, ಸರದಿ ಬಂದಾಗ ನಾಲಿಗೆ ಮಡಚಿಕೊಂಡು ಅಮೃತಾಂಜನ ಕೇಳಿದ್ದಳು, ಅದರ ಹಿಂದಿನ ಸಲವೂ ಅಮೃತಾಂಜನವೇ, ಮನೆಯಲ್ಲಿ ಈಗ ಇಡೀ ಹಟ್ಟಿಯ ತಲೆನೋವಿಗೆ ಸಾಕಾಗುವಷ್ಟಿದೆ, ಥೂ ನಿನ್ನ ಧೈರ್ಯಕ್ಕೆ ಎಂದು ತನಗೆ ತಾನೇ ಬೈದುಕೊಂಡದ್ದೂ ಆಗಿದೆ. ಟೀವಿಯಲ್ಲಿ ಊಟದ ಹೊತ್ತಿಗೇ ನಿರೋಧ್ ನಿರೋಧ್ ಎಂದು ಹಾಡುತ್ತಾರೆ, ಅತ್ತೆ ಮಾದಿ ಅದನ್ನು ನೋಡುತ್ತಲೇ ಅನ್ನ ಕಲಸುತ್ತಾರೆ, ಅದಕ್ಕಿಲ್ಲದ ಮಾನ ಇದಕ್ಕೆಲ್ಲಿಂದ ಬಂತು. ಗಂಡ ಭೋಜನ್ ಬಸ್‌ಸ್ಟ್ಯಾಂಡಿನಲ್ಲಿ ಸೀಟು ಹಿಡಿದು ಕೂತಿದ್ದಾನೆ, ಅಮ್ಮನ ಬಿಪಿ ಮಾತ್ರೆಗೆ ಹೋಗಿದ್ದಾಳೆ ಎಂದುಕೊಂಡಿದ್ದಾನೆ, ಪಾಪ, ಒಳ್ಳೆಯವನು, ಅದೇ ತೊಂದರೆ, ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಎಡಮೊಲೆ ತೆಗೆಸಿ ವರ್ಷ ದಾಟಿತು. ಮೊಲೆ ಎಂದೇ ಹೇಳುತ್ತಾಳೆ ಚಿನ್ನಿ, ಹಟ್ಟಿಯವರ ಹಾಗೆ ಆ ಜಾಗ, ಆ ಕಾಯಿಲೆ ಎಂದು ಗೊಣಗುವುದಿಲ್ಲ — ಗೊಣಗಿಯೇ ತಾನೇ ಕೆಟ್ಟದ್ದು, ಹಬ್ಬದ ದಿನ ಉಡುವ ಬಿಳಿಯ ತುಂಡುಬಟ್ಟೆಯನ್ನು ಕಂಕುಳ ಕೆಳಗೆ ಬಿಗಿದು ಸುತ್ತುವಾಗ ಕೈಗೊಂದು ಗಂಟು ಸಿಕ್ಕಿತ್ತು, ಅವರೆಕಾಳಿನಷ್ಟು, ನೋವಿಲ್ಲ, ಯಾರಿಗೆ ಹೇಳುವುದು, ಹೇಳಲು ಮಾತೆಲ್ಲಿದೆ, ಹೇಳದೆ ಹೇಳದೆ ಅದು ನೆಲ್ಲಿಕಾಯಿಯಾಯಿತು, ಆಮೇಲೆ ಕೊಯಮತ್ತೂರು, ಕತ್ತರಿ, ಕೂದಲು ಉದುರಿದ್ದು, ವಾಂತಿ. ಈಗ ತೂಕದ ಶೆಡ್ಡಿನಲ್ಲಿ ಟೀ ಎಲೆಮೂಟೆ ಇಳಿಸುವ ಪ್ರತಿಯೊಬ್ಬಳನ್ನೂ ಕೇಳುತ್ತಾಳೆ, ಒತ್ತಿ ನೋಡಿಕೊಂಡೆಯಾ, ಕಂಕುಳಲ್ಲಿಯೂ ನೋಡಿದೆಯಾ, ಹೆಂಗಸರು ಸೆರಗು ಕಚ್ಚಿ ನಗುತ್ತಾರೆ, ನಗಲಿ, ಮನೆಗೆ ಹೋಗಿ ಒತ್ತಿ ನೋಡುತ್ತಾರಲ್ಲ. ಅಷ್ಟೆಲ್ಲ ಬಾಯಿ ಇರುವವಳಿಗೆ ಮನೆಯೊಳಗೆ ಬಾಯಿಲ್ಲ. ಭೋಜನ್ ಹೊರಕೋಣೆಯ ಮಂಚಕ್ಕೆ ಹೋದವನು ಹೋದ. ಔಷಧಿಗಳೆಲ್ಲ ಮುಗಿದ ಮೇಲೆ ಒಂದು ದಿನ ಅವಳೇ ಅವನನ್ನು ಕರೆದಿದ್ದಳು, ಮೆಣಸಿನಪುಡಿ ಸವರಿದ ಹಾಗೆ ಉರಿದು ಕೂಗಿಬಿಟ್ಟಳು, ಅವನು ಬಿಳಿಚಿಕೊಂಡು ಎದ್ದು ಹೋದ, ಆಮೇಲೆ ಅವಳ ಹೊದಿಕೆಯ ಅಂಚನ್ನೂ ಮುಟ್ಟಲಿಲ್ಲ. ಹೇಸಿಗೆಯಾಗಿರಬೇಕು, ಇನ್ನೇನು, ಒಂದು ಕಡೆ ಹಲಗೆಯಂತಾದ ಹೆಂಗಸು. ಅತ್ತೆ ಅಂದದ್ದು ನೆನಪಾಗುತ್ತದೆ, ಜೀವ ಉಳಿಯಿತಲ್ಲ, ಈ ವಯಸ್ಸಿಗೆ ಇನ್ನೇನು ಬೇಕು — ಬೇಕು ಅತ್ತೆ, ಉಳಿದ ಜೀವ ಗೋಡೆ ನೋಡಿಕೊಂಡು ಮಲಗುವುದಕ್ಕೆ ಉಳಿಯಲಿಲ್ಲ. ಡಾಕ್ಟರ್ ತೇನ್ಮೊಳಿಯೊಬ್ಬಳೇ ತಾನಾಗಿ ಕೇಳಿದ್ದು, ಬಾಗಿಲು ಹಾಕಿ, ಕುರ್ಚಿ ಹತ್ತಿರಕ್ಕೆಳೆದು, ಗಂಡನ ಜತೆ ಹೇಗಿದ್ದೀರಿ ಎಂದು, ಚಿನ್ನಿ ಅತ್ತೇಬಿಟ್ಟಳು, ಆ ಔಷಧಿಗಳಿಂದ ಮುಟ್ಟು ನಿಲ್ಲುತ್ತದಮ್ಮ, ಒಳಗೆ ಒಣಗುತ್ತದೆ, ನಿಮ್ಮ ತಪ್ಪಲ್ಲ, ನೀರಿನಂಥ ಜೆಲ್ಲಿ ಸಿಗುತ್ತದೆ, ಮೆಡಿಕಲ್‌ನಲ್ಲಿ ಕೇಳಿ, ಹಾರ್ಮೋನ್ ಕ್ರೀಮು ಮಾತ್ರ ನನ್ನನ್ನು ಕೇಳದೆ ಹಚ್ಚಬೇಡಿ, ಎಂದಿದ್ದಳು. ಏನಮ್ಮಾ ಬೇಕು — ಯಾರು, ಓಹೋ, ಸರದಿ ಬಂದಿದೆ, ಅಂಗಡಿಯ ಜಯರಾಮನ್, ಹಣೆಯ ತುಂಬ ವಿಭೂತಿ, ಅವನ ಕೈ ಆಗಲೇ ಅಮೃತಾಂಜನದ ಕಡೆಗೆ ಹೋಗುತ್ತಿದೆ. ಅದಲ್ಲ, ಎಂದಳು ಚಿನ್ನಿ ತಮಿಳಿನಲ್ಲಿ, ಹಿಂದಿನವರಿಗೂ ಕೇಳುವಂತೆ, ಗಂಡ ಹೆಂಡತಿ ಸೇರುವಾಗ ಉರಿಯದಂತೆ ಹಚ್ಚುವ ಜೆಲ್ಲಿ. ಹಿಂದೆ ಯಾರದೋ ಕೊಡೆ ಬಿತ್ತು. ಜಯರಾಮನ್ ತಲೆ ತಗ್ಗಿಸಿ ಮೂಲೆಯ ಕಪಾಟಿಗೆ ಹೋದ, ಬಂದ, ದಿನತಂದಿ ಪೇಪರು ಹರಿದು ಸುತ್ತತೊಡಗಿದ, ಕೆಮ್ಮಿನ ಔಷಧಿಗೆ ಸುತ್ತದವನು. ಕಾಗದ ಸುತ್ತಬೇಡಿ, ಹಾಗೇ ಕೊಡಿ.

ನಡುವಟ್ಟಂ ಕಡೆಗೆ ಹೋಗುವ ಬಸ್ಸು, ಕಿಟಕಿಯ ಗಾಜು ಗಡಗಡ, ಹೊರಗೆ ಬಿಸಿಲಿದೆ ಒಳಗೆ ಚಳಿ, ಕೇಳಿಬಿಟ್ಟೆನಲ್ಲ, ಸತ್ತೇನೂ ಹೋಗಲಿಲ್ಲ, ಆದರೆ ಕಷ್ಟದ್ದು ಇನ್ನೂ ಇದೆ, ಅದು ಪಕ್ಕದಲ್ಲೇ ಕೂತು ಕಡಲೆ ಸುಲಿಯುತ್ತಿದೆ. ಮನೆಗೆ ಹೋಗಿ ಹೇಳೋಣ ಎಂದರೆ ಅಲ್ಲಿ ಅತ್ತೆ, ಟೀವಿ, ಹೊರಕೋಣೆಯ ಮಂಚ, ಮತ್ತೆ ಬಾಯಿ ಕಟ್ಟುತ್ತದೆ. ಜೆಲ್ಲಿಯ ಟ್ಯೂಬನ್ನು ಅವನ ತೊಡೆಯ ಮೇಲಿಟ್ಟಳು. ಇದು ಏನ, ಎಂದ ಭೋಜನ್. ಹೇಳಿದಳು, ಡಾಕ್ಟರು ಹೇಳಿದಷ್ಟನ್ನೂ, ಅಂಗಡಿಯಲ್ಲಿ ಕೇಳಿದ್ದನ್ನೂ, ಅವನ ಕಿವಿ ಕೆಂಪಾಗುತ್ತ ಹೋಯಿತು. ಹೇಸಿಗೆಯಾ ನಿನಗ, ಆಗಿದ್ದರ ಈಗಲೇ ಹೇಳು, ಎಂದಳು. ಅವನು ಕಡಲೆ ಪೊಟ್ಟಣ ಮಡಚಿದ, ಮಡಚಿದ್ದನ್ನೇ ಮತ್ತೆ ಮಡಚಿದ. ಹೇಸಿಗೆ ಇಲ್ಲೆ, ಎಂದ. ಕವಾತು ಮಾಡಿದ ಗಿಡವ ಯಾರಾದರೂ ಮುಟ್ಟುವರಾ? ಚಿಗುರಲಿ ಎಂದು ನಾ ಕಾದೆ. ಕವಾತು — ಟೀ ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದ ಮೇಲೆ ಹೊಸ ಚಿಗುರು ನಿಲ್ಲುವವರೆಗೆ ಆ ಪಾತಿಗೆ ಕೈ ಹಾಕಬಾರದು, ಹಾಕಿದರೆ ಗಿಡ ಸಾಯುತ್ತದೆ, ಭೋಜನ್ ಅಂಥ ತೋಟದಲ್ಲಿ ಕಾಲಿಟ್ಟವರನ್ನು ಹಟ್ಟಿಯವರೆಗೂ ಬೈದುಕೊಂಡು ಬಂದವನು. ಅಯ್ಯೋ ಪೆದ್ದ, ಹೆಂಡತಿಯನ್ನು ತೋಟ ಮಾಡಿಕೊಂಡು ಕಾವಲು ಕೂತಿದ್ದನೇ, ಅವಳು ಒಂದು ವರ್ಷ ಹೇಸಿಗೆ ಹೇಸಿಗೆ ಎಂದು ದಿಂಬು ಕಚ್ಚಿದ್ದು ಇದಕ್ಕಾ, ಹೊಡೆಯಬೇಕೆನಿಸಿತು, ನಗು ಬಂತು, ಸಿಟ್ಟು ಮಾತ್ರ ಇಳಿಯಲಿಲ್ಲ, ಇಳಿಯಬಾರದು ಕೂಡ. ಕಾಯಬೇಡ, ಎಂದಳು. ಇಲ್ಲಿ ಇನ್ನು ಏನೂ ಚಿಗುರುವುದಿಲ್ಲ. ಇಷ್ಟೇ ನಾ. ಅವನ ಬಲಗೈ ಹಿಡಿದು ಶಾಲಿನೊಳಗೆ ಎಳೆದು ಎಡಗಡೆ, ಹೊಲಿಗೆಯ ಮೇಲೆ, ರವಿಕೆಯ ಮೇಲಿಂದಲೇ ಒತ್ತಿ ಹಿಡಿದಳು, ಕೈ ಬೆಚ್ಚಿತು, ಹಿಂದಕ್ಕೆ ಹೋಗಲು ನೋಡಿತು, ಅವಳು ಬಿಡಲಿಲ್ಲ, ಮುಂದಿನ ಸೀಟಿನ ಮುದುಕಿ ತಿರುಗಿ ನೋಡಿ ಮತ್ತೆ ತಿರುಗಿಕೊಂಡಳು, ನೋಡಲಿ. ಅಲ್ಲಿ ಚರ್ಮಕ್ಕೆ ಸ್ಪರ್ಶ ತಿಳಿಯುವುದಿಲ್ಲ, ನರ ಹೋಗಿದೆ ಎಂದಿದ್ದರು, ಕೈ ಇದೆಯೋ ಇಲ್ಲವೋ ನೋಡಿಯೇ ತಿಳಿಯಬೇಕು. ತನ್ನ ಹಿಡಿತ ಸಡಿಲಿಸಿದಳು, ಪೂರ್ತಿ ಬಿಟ್ಟಳು, ಕೈಯನ್ನು ಮಡಿಲಲ್ಲಿಟ್ಟುಕೊಂಡಳು, ತಿರುವು ಬಂತು, ಬಸ್ಸು ವಾಲಿತು, ಟಿಕೆಟ್ ಟಿಕೆಟ್ ಎಂದು ಕಂಡಕ್ಟರ್ ಬರುತ್ತಿದ್ದಾನೆ, ಈಗ ತೆಗೆಯುತ್ತಾನೆ, ತೆಗೆಯಲಿಲ್ಲ, ಭೋಜನ್ ಎಡಗೈಯಿಂದ ಜೇಬು ತಡಕುತ್ತಿದ್ದಾನೆ, ಅವಳು ಕೆಳಗೆ ನೋಡಿದಳು, ಎಡಗಡೆ ಶಾಲು ಉಬ್ಬಿದೆ, ಅವನ ಕೈ ಅಲ್ಲೇ ಇದೆ, ಶಾಲು ಉಬ್ಬಿದೆ, ಕೈ ಅಲ್ಲೇ ಇದೆ.