ಆಫೀಸು ಎದ್ದರೆ ಮಾತ್ರ

ಔಷಧಿ ಡಬ್ಬಿಗಳ ಮೇಲಿನ ಬರಹದ ಕರಡು ತಿದ್ದುವ ಅಕ್ಕ ಒಂಬತ್ತು ವರ್ಷದಿಂದ ಓದಿದ ಸಾಹಿತ್ಯವೆಂದರೆ 'ಮಕ್ಕಳ ಕೈಗೆ ಸಿಗದಂತೆ ಇಡಿ' ಒಂದೇ. ಮಕ್ಕಳ ಕೈಗೆ ಸಿಗುವಂಥದ್ದೇನಾದರೂ ತಿದ್ದಬೇಕೆಂದು ಅವಳ ಜೀವ ಹಾತೊರೆಯುತ್ತಿತ್ತು. ಈಗ ಮಕ್ಕಳ ಪುಸ್ತಕದ ಪ್ರಕಾಶನವೊಂದು ಸಂಪಾದಕಿ ಬೇಕೆಂದಿತ್ತು. ಭಾನುವಾರ ಸಂಜೆ ಐದರೊಳಗೆ ಅರ್ಜಿ ಇಮೇಲಿನಲ್ಲಿ ತಲುಪಬೇಕು.

ನಾಲ್ಕೂಕಾಲಿಗೆ ಕಳಿಸುವ ಗುಂಡಿ ಒತ್ತಿದಳು. 'ಸಂಪರ್ಕ ಇಲ್ಲ, ಕಾಯಿರಿ' ಎಂದಿತು ಪರದೆ. ಪಕ್ಕದ ಕೋಣೆಯಲ್ಲಿ ಅಮ್ಮ ಅದೇ ಇಂಟರ್ನೆಟ್ಟಿನಲ್ಲಿ ಧಾರಾವಾಹಿ ನೋಡುತ್ತ ಯಾರದೋ ಅತ್ತೆಗೆ ಶಾಪ ಹಾಕುತ್ತಿದ್ದಳು. ಸಂಪರ್ಕ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿತ್ತು.

ಇದು ತಮ್ಮನ ಘನಕಾರ್ಯ. ಮನೆಯವರೆಲ್ಲ 'ವಿಜ್ಞಾನಿ' ಎನ್ನುವ ಈ ಮಹಾಶಯ ಅಕ್ಕನ ಆಫೀಸಿನಲ್ಲೇ ಕಂಪ್ಯೂಟರ್ ನೋಡಿಕೊಳ್ಳುವವನು. ಮನೆಯ ಸಂಪರ್ಕ ಆಗಾಗ ಕೈಕೊಟ್ಟು ಮೇಲ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತೆಂದು ಅಕ್ಕನ ಕಂಪ್ಯೂಟರಿಗೆ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮ್, ಬರೆದಿದ್ದ. ಮೇಲ್ ಕಳಿಸುವ, ತರಿಸುವ ಮೊದಲು ಅದು ಹೊರಗಿನ ಒಂದು ಕಂಪ್ಯೂಟರನ್ನು 'ಇದ್ದೀಯಾ?' ಎಂದು ಕೇಳುತ್ತದೆ. 'ಇದ್ದೀನಿ' ಎಂಬ ಉತ್ತರ ಬಂದರೆ ಮಾತ್ರ ಬಾಗಿಲು ತೆಗೆಯುತ್ತದೆ. ಮೇಲ್ ಪಾಸ್‌ವರ್ಡೂ ಅದರ ಹೊಟ್ಟೆಯಲ್ಲೇ, ಅಕ್ಕನಿಗೆ ಗೊತ್ತಿಲ್ಲ; ಫೋನಿನಿಂದಲೂ ಕಳಿಸುವಂತಿಲ್ಲ.

ಊರಾಚೆ ಆಟಕ್ಕೆ ಹೋಗಿದ್ದ ತಮ್ಮನಿಗೆ ಫೋನ್ ಮಾಡಿದಳು.

“ಲೋ ವಿಜ್ಞಾನಿ, ನಿನ್ನ ಸ್ಕ್ರಿಪ್ಟು ಯಾರನ್ನ ಕೇಳುತ್ತೋ?”

“ನಮ್ಮ ಆಫೀಸಿನ ಮೆಷಿನ್ನ. ಯಾವಾಗ್ಲೂ ಆನ್ ಇರುತ್ತಲ್ಲ.”

“ಭಾನುವಾರ ಯಜಮಾನ್ರು ಆಫ್ ಮಾಡ್ತಾರೆ ಕಣೋ, ಕರೆಂಟು ದಂಡ ಅಂತ!”

ಭಾನುವಾರ ಆಫೀಸಿನ ಕಡೆ ತಲೆ ಹಾಕಿಯೂ ಮಲಗದವನಿಗೆ ಇದು ಹೊಸ ಸುದ್ದಿ. “ಅಯ್ಯೋ! ತಡಿ ಅಕ್ಕ, ಅದನ್ನ ತೆಗೆಯೋಕೆ...” ಎನ್ನುವಷ್ಟರಲ್ಲಿ ಅವನ ಫೋನಿನ ಬ್ಯಾಟರಿ ಪ್ರಾಣ ಬಿಟ್ಟಿತು. ಎಷ್ಟು ಸಲ ಮಾಡಿದರೂ ಮತ್ತೆ ಸಿಗಲಿಲ್ಲ.

ಅಂದರೆ, ಆಫೀಸು ಬಿಡುವ ಅರ್ಜಿ ಹೋಗಬೇಕಾದರೆ ಆಫೀಸೇ ಏಳಬೇಕು. ಯಜಮಾನರ ಮನೆ ಅದೇ ಕಟ್ಟಡದ ಕೆಳಗೆ, ಮೆಷಿನ್ ಇರುವುದು ಮೂರನೇ ಮಹಡಿಯಲ್ಲಿ. ರಜೆಯ ದಿನ ಲಿಫ್ಟೂ ಬಂದ್, ಅವರಿಗೋ ಮಂಡಿನೋವು. ನಾಲ್ಕೂಮುಕ್ಕಾಲಿಗೆ ಅಕ್ಕ ನಾಚಿಕೆ ಬಿಟ್ಟು ಫೋನ್ ಮಾಡಿದಳು.

“ಸಾರ್, ಒಂದು ಅರ್ಜೆಂಟ್ ಮೇಲ್ ಹೋಗ್ಬೇಕಿತ್ತು. ಮೇಲಿನ ಮೆಷಿನ್ ಆನ್ ಮಾಡ್ತೀರಾ?”

“ಭಾನುವಾರಾನೂ ಕೆಲ್ಸಾನೇನಮ್ಮ! ಇರು, ಹೋದೆ.”

ಫೋನಿನಲ್ಲಿ ಮೆಟ್ಟಿಲು ಹತ್ತುವ ಸದ್ದು, ಏದುಸಿರು, ನಡುನಡುವೆ “ಅಮ್ಮಾ”. ಅಕ್ಕ ಗಡಿಯಾರ ನೋಡುತ್ತ ಕಳಿಸುವ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದಳು. ಐದಕ್ಕೆ ಎರಡು ನಿಮಿಷವಿದ್ದಾಗ ಅರ್ಜಿ ಹೋಯಿತು. ಹಿಂದೆಯೇ 'ತಲುಪಿದೆ' ಎಂಬ ಉತ್ತರವನ್ನೂ ಸ್ಕ್ರಿಪ್ಟು ತಂದು ಹಾಕಿತು.

“ಹೋಯ್ತಾ? ಏನಮ್ಮ ಅಷ್ಟು ಅರ್ಜೆಂಟು?”

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು, ಆದರೆ ಆ ಏದುಸಿರಿನ ಮುಂದೆ ಹೊರಡಲಿಲ್ಲ. “ಬೇರೆ ಕೆಲಸಕ್ಕೆ ಅರ್ಜಿ ಸಾರ್. ಐದಕ್ಕೆ ಕೊನೆ ಇತ್ತು.”

ಯಜಮಾನರು ಅಲ್ಲೇ ಕುರ್ಚಿ ಎಳೆದುಕೊಂಡು ಕೂತ ಸದ್ದಾಯಿತು.

“ಹತ್ತೋಕೆ ಮುಂಚೆ ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಹತ್ತುತ್ತಿದ್ರಾ ಸಾರ್?”

“ಹತ್ತುತ್ತಿದ್ದೆ ಕಣಮ್ಮ,” ಎಂದರು. “ನಿಧಾನಕ್ಕೆ.”